ದಂಡೆ ಹಿಡಿದು

ಡೇರೆಯನ್ನು ನಾನೇ ಹೊಲಿದದ್ದು.
ನವನಗರದ ನಮ್ಮ ಪೆಂಡಾಲ್ ಅಂಗಡಿಯಲ್ಲಿ
ಮೂಲೆಗೆ ಬಿದ್ದಿದ್ದ ಹರಕು ಶಾಮಿಯಾನ,
ನೀಲಿ ಬಿಳಿ ಪಟ್ಟೆ,
ಬಿಳಿಯ ಮೇಲೊಂದು ಅಂಗೈ ಅಗಲದ ಕೆಂಪು ಕಲೆ,
ಯಾರ ಮದುವೆಯದೋ, ಓಕುಳಿಯೋ ಎಲೆಅಡಿಕೆಯೋ.
ಹದಿನೆಂಟು ವರ್ಷ ಊರೂರು ತಿರುಗಿ
ಮಂದಿಗೆ ನೆರಳು ಕಟ್ಟಿದ್ದೇನೆ, ಬಿಚ್ಚಿದ್ದೇನೆ.
ಇದು ಒಬ್ಬಳೇ ಹಿಡಿಸುವಷ್ಟು.

ಹೆರಕಲ್ ಸೇತುವೆ ಬಳಿ ಇಳಿಯುವಾಗ
ಕಂಡಕ್ಟರ್ ಕೇಳಿದ, ‘ಜೋಡಿ ಯಾರದಾರ್ರೀ ಅಕ್ಕಾರ?’
ಬೆನ್ನ ಚೀಲ ತೋರಿಸಿದೆ.
ಆರು ಖಟಕ್ ರೊಟ್ಟಿ, ಶೇಂಗಾ ಹಿಂಡಿ, ಬ್ಯಾಟರಿ,
ನಾಲ್ಕು ಗೂಟ, ಅಂಗಡಿಯ ಹಳೇ ಸುತ್ತಿಗೆ.

ಎಡಕ್ಕೆ ನೀರು, ಬಲಕ್ಕೆ ಜಾಲಿ.

ಸಮುದ್ರ ಒಮ್ಮೆ ನೋಡಿದ್ದೆ, ಅಂಕೋಲೆ ಕಡೆಯ ಮದುವೆಗೆ ಹೋದಾಗ.
ನೋಡಿದ್ದೆ ಅನ್ನುವುದೂ ಹೆಚ್ಚೇ.
ಅದಕ್ಕೆ ಬೆನ್ನು ಮಾಡಿ ಕುರ್ಚಿ ಎಣಿಸುತ್ತಿದ್ದೆ.
ಮುನ್ನೂರ ನಲವತ್ತು. ಎರಡು ಕಡಿಮೆ.

ಇಲ್ಲಿಯ ನೀರಿಗೆ ಅಬ್ಬರವಿಲ್ಲ.
ಆಲಮಟ್ಟಿಯ ಗೇಟು ಹೇಳಿದಂತೆ ಕೇಳಿ
ಪಂಕ್ತಿಯಲ್ಲಿ ಉಂಡೆದ್ದವರ ಹಾಗೆ ಹಿಂದೆ ಸರಿಯುತ್ತದೆ,
ಬಿಟ್ಟಲ್ಲೆಲ್ಲ ಗೆರೆ, ಗೆರೆಯ ಕೆಳಗೆ ಗೆರೆ,
ಚಿಪ್ಪು, ಒಂಟಿ ಚಪ್ಪಲಿ, ಎರೆಮಣ್ಣಿನ ಬಿರುಕು.
ಮಧ್ಯಾಹ್ನ ಒಂದು ಹೊಸ್ತಿಲು ಎದುರಾಯಿತು.
ಬಾಗಿಲಿಲ್ಲ, ಗೋಡೆಯಿಲ್ಲ.
ರೂಢಿಯಂತೆ ಬಲಗಾಲಿಟ್ಟು ದಾಟಿದೆ.
ಒಳಗೂ ಅದೇ ಬಿಸಿಲು.

ಬಲೆ ಬಿಡಿಸುತ್ತಿದ್ದ ಯಮನೂರಪ್ಪ ತೆಪ್ಪದಿಂದಲೇ ಕೂಗಿದ,
‘ಹಾದಿ ತಪ್ಪೀರೇನು?’
‘ಇಲ್ಲ.’
‘ಮತ್ತ ಎತ್ತಾಗ?’
‘ನೀರು ಎತ್ತಾಗ ತಿರಗತೈತಿ, ಅತ್ತಾಗ.’
‘ಹಂಗಾದ್ರ ಸಂಗಮ ಮುಟ್ಟತೀರಿ ಬಿಡ್ರಿ,’ ಅಂದ,
‘ಭಾಳ ತಡಾ ಆಗತೈತಿ.’

ಸಂಜೆ ತಂಗಿಯ ಫೋನು: ‘ಎಲ್ಲಿ ಅದಿ?’
ಸುತ್ತ ನೋಡಿದೆ. ನೀರು ಬಿಟ್ಟ ನೆಲದಲ್ಲಿ ಮೊಣಕಾಲೆತ್ತರ ಹಸಿರು.
‘ಕಡಲಿ ದಂಡಿಗೆ.’
‘ಕಡಲ ದಂಡಿಗೆ?’
ಸಿಗ್ನಲ್ ಹೋಯಿತು. ಆಮೇಲೂ ನಾನು ತಿದ್ದಲಿಲ್ಲ.

ಗೂಟ ಹೊಡೆದು ಒಳಗೆ ಕೂತೆ.
ಡೇರೆ ನಿಂತ ಮೇಲೆ ಗದ್ದಲ ಬರಬೇಕು:
ಬೀಗರು, ಬ್ಯಾಂಡು, ಮೈಕಿನವನ ಹಲೋ ಹಲೋ.
ನೀರು ಒಂದು ಸಲ ಲೊಳಕ್ ಅಂತು, ಅಷ್ಟೇ.
ನಡುರಾತ್ರಿ ಹತ್ತಿರದಲ್ಲೇ ಢಣ್ ಢಣ್ ಢಣ್.
ಸುತ್ತಿಗೆ ಹಿಡಿದು ಹೊರಬಂದೆ.
ಎಣ್ಣೆ ಡಬ್ಬಿ ಬಡಿಯುತ್ತ ನಿಂತಿದ್ದಳು ಗುರಸಿದ್ದವ್ವ,
ತಲೆಗೆ ಕಂಬಳಿ ಕೊಪ್ಪೆ, ಅವಳೂ ಒಬ್ಬಳೇ.

‘ಬಾತಕೋಳಿ ಬರತಾವ ಯವ್ವಾ, ಕಡಲಿ ಮೇಯಾಕ.
ಹಿಮದ ಗುಡ್ಡಾ ಹಾರಿ ಬರತಾವಂತ,
ಬಂದು ಬಂದು ನನ್ನ ಒಂದೆಕರೇನ ಹುಡುಕತಾವ.’
ಸುತ್ತಿಗೆ ನೋಡಿ ನಕ್ಕಳು.
ಬ್ಯಾಟರಿ ಬೆಳಕಲ್ಲಿ ಡೇರೆ ಮುಟ್ಟಿ, ತಿಕ್ಕಿ,
‘ಬಟ್ಟಿ ಚಲೋ ಐತಿ. ಬೆಳತನಾ ಕಡಲಿ ಮ್ಯಾಲ ಹಾಸೂಣೇನು?
ಹುಳಿ ಹಿಡೀಬೇಕು. ನನ್ನ ಸೀರಿ ಸಾಲವಲ್ದು.’

ಬಿಚ್ಚುವ ಕೆಲಸ ನನಗೆ ಹೇಳಿಕೊಡಬೇಕಿಲ್ಲ.

ಅವಳ ಕಂಬಳಿಯ ಅರ್ಧದಲ್ಲಿ ಮಲಗಿದೆ.
ಅಷ್ಟು ಚಿಕ್ಕಿ, ಮಾಡು ಮರೆತ ಮಂಟಪ.
ಅವಳು ಆಗಾಗ ಎದ್ದು ಡಬ್ಬಿ ಬಡಿದಳು,
ಒಮ್ಮೆ ನಾನು ಬಡಿದೆ.
ಕತ್ತಲಿಗೆ ರೆಕ್ಕೆ ಬಂದು ಮೇಲೆದ್ದು
ಬೈಯುತ್ತ ನೀರಿನ ಮೇಲೆ ಹೋಯಿತು.

ಬೆಳಗಿನ ಜಾವ, ಇಬ್ಬನಿಗೆ ತೊಯ್ದು ಭಾರವಾದ ಬಟ್ಟೆಯನ್ನು
ಆಚೆ ತುದಿ ಅವಳು, ಈಚೆ ತುದಿ ನಾನು
ಹಿಂಡಿದೆವು.
ಬೋಗುಣಿಯಲ್ಲಿ ಕಾಲು ಲೋಟ, ಕಂದು ಬಣ್ಣ.
‘ಮೊಮ್ಮಗನ ಹೊಟ್ಟಿನೋವಿಗೆ,’ ಅಂದಳು, ‘ನೀನೂ ನೆಕ್ಕು.’
ಹಲ್ಲೆಲ್ಲ ಎದ್ದು ನಿಂತವು.
ಬಟ್ಟೆ ಕೊಡವಿದಾಗ ಕಂಡೆ,
ಆ ಕೆಂಪು ಕಲೆ ಅರಿಶಿಣಕ್ಕೆ ತಿರುಗಿತ್ತು.
ಓಕುಳಿಯೇ ಇರಬೇಕು.

ಕೊಲ್ಹಾರದ ಗಡಿಗೆ ಮೊಸರು ತಿಂದು ಹೋಗು ಅಂದಳು,
ದಾರಿ ಅದಲ್ಲ ಅಂದೆ.
ಸುಲಗಾಯಿ ಮಡಿಲು ತುಂಬ ಕಿತ್ತು ಕೊಟ್ಟಳು.
ಹೆಸರು ಕೇಳಿದ್ದು ಆಗಲೇ. ‘ಮಹಾನಂದಾ,’ ಅಂದೆ.

ಮರುರಾತ್ರಿ ಎರಡು ಹೊಳೆ ಕೂಡುವಲ್ಲಿ
ಅದೇ ಬಟ್ಟೆಯ ಕೆಳಗೆ, ನಿದ್ದೆ ಬಾರದೆ,
ಅದರ ಒಂದು ಅಂಚು ಬಾಯಲ್ಲಿಟ್ಟು ನೋಡಿದೆ.
ಇನ್ನೂ ಹುಳಿ.